ಅಮೆರಿಕದ ಫೆಡರಲ್ ನೌಕರಿಯಲ್ಲಿ ‘ರಿಫ್’: ಯಾರ ಕೆಲಸ ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬ ಲೆಕ್ಕಾಚಾರ

ಅಮೆರಿಕದ ಒಕ್ಕೂಟ ಸರ್ಕಾರದ ನೌಕರರೊಬ್ಬರ ಕೈಗೆ ಕೆಲಸ ಕಡಿತದ ನೋಟಿಸು ಬಂದಾಗ ಅವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ‘ನಾನೇ ಏಕೆ?’ ಎಂಬುದು. ಮೇಲಧಿಕಾರಿಗೆ ಬೇಡವಾಗಿದ್ದೆನೇ, ಕೆಲಸದಲ್ಲಿ ಎಲ್ಲಾದರೂ ಎಡವಿದೆನೇ ಎಂದು ಹಳೆಯದನ್ನೆಲ್ಲ ಕೆದಕುತ್ತಾ ಕೂರುತ್ತಾರೆ. ಉತ್ತರ ಬಹುತೇಕ ಅಲ್ಲಿರುವುದಿಲ್ಲ. ವರ್ಷಗಳ ಹಿಂದೆಯೇ ಭರ್ತಿಯಾಗಿ ಕಡತ ಸೇರಿದ ಕೆಲವು ನಮೂನೆಗಳ ಚೌಕಗಳಲ್ಲಿ ಅದು ಇರುತ್ತದೆ. ಮೇರಿಲ್ಯಾಂಡ್ ಮತ್ತು ವರ್ಜೀನಿಯಾದಲ್ಲಿ ನೆಲೆಸಿ ಫೆಡರಲ್ ಇಲಾಖೆಗಳಲ್ಲಿ ದುಡಿಯುತ್ತಿರುವ ಕನ್ನಡಿಗರು ಕಡಿಮೆಯಿಲ್ಲ. 2025ರಿಂದೀಚೆಗೆ ಅವರ ಮನೆಗಳಲ್ಲಿ ಈ ಮಾತು ಬಾರದ ದಿನವಿಲ್ಲ. ನೋಟಿಸು ಬಂದವರಿಗಷ್ಟೇ ಅಲ್ಲದೆ, ಇನ್ನೂ ಬಾರದವರಿಗೂ ಉಪಯೋಗವಾಗಲೆಂದು ಈ ಲೆಕ್ಕಾಚಾರವನ್ನು ಹಂತಹಂತವಾಗಿ ಇಲ್ಲಿ ಬಿಡಿಸಿದ್ದೇನೆ.

ಮೊದಲು ಹೆಸರಿನ ವಿಷಯ. ಖಾಸಗಿ ಕಂಪನಿಯ ‘ಲೇಆಫ್’ಗೆ ಸರ್ಕಾರಿ ಭಾಷೆಯಲ್ಲಿ ‘ರಿಡಕ್ಷನ್ ಇನ್ ಫೋರ್ಸ್’ ಎನ್ನುತ್ತಾರೆ. ಕಚೇರಿಯ ಬಾಯಿಮಾತಿನಲ್ಲಿ ಅದು ‘ರಿಫ್’. ಇದರ ಬೇರು 1944ರ ಮಾಜಿ ಸೈನಿಕರ ಆದ್ಯತಾ ಕಾಯ್ದೆಯಲ್ಲಿದೆ. ಇಂದಿನ ವಿವರವಾದ ನಿಯಮಗಳು ಫೆಡರಲ್ ನಿಯಮ ಸಂಹಿತೆಯ 5ನೇ ಶೀರ್ಷಿಕೆಯ 351ನೇ ಭಾಗದಲ್ಲಿವೆ. ಅವುಗಳ ಉಸ್ತುವಾರಿ ಸಿಬ್ಬಂದಿ ನಿರ್ವಹಣಾ ಕಚೇರಿಯದು, ಅಂದರೆ ಓಪಿಎಂನದು. ಈ ನಿಯಮಗಳಿಗೆ ಆಗಾಗ ತಿದ್ದುಪಡಿ ಆಗುವುದರಿಂದ, ನೋಟಿಸು ಬಂದ ದಿನ ಚಾಲ್ತಿಯಲ್ಲಿರುವ ಪಠ್ಯವನ್ನೇ ತೆರೆದು ನೋಡುವ ಅಭ್ಯಾಸವಿರಲಿ. ಕೆಳಗೆ ಹೇಳಿರುವುದು ಬಹುಕಾಲದಿಂದ ಬಳಕೆಯಲ್ಲಿರುವ ಚೌಕಟ್ಟು.

ಈ ನಿಯಮ ನಿಮಗೆ ಅನ್ವಯಿಸುತ್ತದೆಯೇ?

ನಮ್ಮವರಲ್ಲಿ ಅನೇಕರು ಫೆಡರಲ್ ಕಚೇರಿಯೊಳಗೇ ಕುಳಿತು, ಫೆಡರಲ್ ಗುರುತಿನ ಚೀಟಿಯನ್ನೇ ಕೊರಳಿಗೆ ಹಾಕಿಕೊಂಡು ಕೆಲಸ ಮಾಡುತ್ತಾರೆ, ಆದರೆ ಸಂಬಳ ಕೊಡುವುದು ಗುತ್ತಿಗೆ ಕಂಪನಿ. ಅಂಥವರಿಗೆ ರಿಫ್ ನಿಯಮದ ಒಂದು ಸಾಲೂ ಅನ್ವಯಿಸುವುದಿಲ್ಲ. ರಿಫ್ ನಿಯಮ ಕೊಡುವ ಅರವತ್ತು ದಿನಗಳ ನೋಟಿಸೂ ಇಲ್ಲ, ಜ್ಯೇಷ್ಠತೆಯ ಲೆಕ್ಕವೂ ಇಲ್ಲ. ಎಚ್-1ಬಿ ವೀಸಾದಲ್ಲಿದ್ದರೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನಗಳ ವೀಸಾ ಕಾಲಾವಕಾಶವಿರುತ್ತದೆ. ಇದೂ 60, ಅದೂ 60 ಎಂದು ಎರಡನ್ನೂ ಕಲಸಿಕೊಳ್ಳುವವರನ್ನು ಕಂಡಿದ್ದೇನೆ, ಎರಡಕ್ಕೂ ಸಂಬಂಧವಿಲ್ಲ. ರಾಜ್ಯ ಸರ್ಕಾರ ಮತ್ತು ಕೌಂಟಿಗಳ ನೌಕರರಿಗೆ ಬೇರೆ ಕಾನೂನುಗಳಿವೆ. ಹಿರಿಯ ಕಾರ್ಯನಿರ್ವಾಹಕ ಸೇವೆಗೂ ವಿದೇಶಾಂಗ ಸೇವೆಗೂ ಪ್ರತ್ಯೇಕ ನಿಯಮಗಳಿವೆ.

ಕೆಲಸ ಹೋದ ಪ್ರತಿಯೊಂದು ಪ್ರಕರಣವೂ ರಿಫ್ ಅಲ್ಲ ಎಂಬುದೂ ನೆನಪಿರಲಿ. ಕಾರ್ಯಕ್ಷಮತೆ ಸಾಲದೆಂದೋ ನಡತೆ ಸರಿಯಿಲ್ಲವೆಂದೋ ತೆಗೆಯಬೇಕಾದರೆ ಅದಕ್ಕೆ ಬೇರೆ ಅಧ್ಯಾಯಗಳಿವೆ, ಆ ಕೆಲಸಕ್ಕೆ ರಿಫ್ ಅನ್ನು ಬಳಸುವಂತಿಲ್ಲ. 2025ರ ಫೆಬ್ರವರಿಯಲ್ಲಿ ಪ್ರೊಬೇಷನ್‌ನಲ್ಲಿದ್ದ ಸಾವಿರಾರು ಜನರನ್ನು ಒಮ್ಮೆಗೇ ಕೈಬಿಟ್ಟದ್ದು ರಿಫ್ ವಿಧಾನದಲ್ಲಿ ಅಲ್ಲ. ಅದೇ ಫೆಬ್ರವರಿ 11ರಂದು ಹೊರಟ 14210ನೇ ಕಾರ್ಯಾದೇಶವು ದೊಡ್ಡ ಪ್ರಮಾಣದ ರಿಫ್‌ಗೆ ಸಿದ್ಧರಾಗುವಂತೆ ಇಲಾಖೆಗಳಿಗೆ ಸೂಚಿಸಿತು. ಏಪ್ರಿಲ್ 1ರ ಬೆಳಗ್ಗೆ ಆರೋಗ್ಯ ಇಲಾಖೆಯ ಸಾವಿರಾರು ನೌಕರರಿಗೆ ಬಂದದ್ದು ರಿಫ್ ನೋಟಿಸು.

ಹುದ್ದೆ ಬೇರೆ, ವ್ಯಕ್ತಿ ಬೇರೆ

ರಿಫ್‌ನಲ್ಲಿ ಎರಡು ತೀರ್ಮಾನಗಳಿವೆ. ಯಾವ ಹುದ್ದೆಗಳು ಬೇಡ ಎಂಬುದು ಮೊದಲನೆಯದು. ಇದು ಪೂರ್ತಿ ಇಲಾಖೆಯ ವಿವೇಚನೆಗೆ ಬಿಟ್ಟದ್ದು. ಕೆಲಸ ಇಲ್ಲವಾದದ್ದು, ಹಣದ ಕೊರತೆ, ಮಂಜೂರಾದ ಸಿಬ್ಬಂದಿ ಸಂಖ್ಯೆಯ ಮಿತಿ, ಇಲಾಖೆಯ ಪುನರ್‌ರಚನೆ ಮುಂತಾದ ಕಾರಣಗಳನ್ನು ನಿಯಮ ಪಟ್ಟಿ ಮಾಡುತ್ತದೆ. ಅವುಗಳಲ್ಲೊಂದು ನಿಜವಾಗಿಯೂ ಇದ್ದರೆ ಸಾಕು, ಈ ಹುದ್ದೆಯ ಬದಲು ಆ ಹುದ್ದೆಯನ್ನು ತೆಗೆಯಬಹುದಿತ್ತಲ್ಲ ಎಂಬ ವಾದ ನಿಲ್ಲುವುದಿಲ್ಲ. ಎರಡನೆಯದು, ಹುದ್ದೆ ಹೋದ ಮೇಲೆ ಆ ಗುಂಪಿನಲ್ಲಿ ಯಾರು ಹೊರಗೆ ಹೋಗಬೇಕು ಎಂಬುದು. ಇಲ್ಲಿ ಮಾತ್ರ ಇಲಾಖೆಯ ಕೈ ಕಟ್ಟಿಹಾಕಿದ ನಿಯಮಗಳಿವೆ. ಹಾಗಾಗಿ ನಿಮ್ಮ ಗಮನವೆಲ್ಲ ಎರಡನೆಯದರ ಮೇಲಿರಲಿ.

ಮೊದಲ ಹೆಜ್ಜೆ: ನೀವು ಯಾರ ಜೊತೆ ಸ್ಪರ್ಧಿಸುತ್ತಿದ್ದೀರಿ?

ಇಡೀ ಇಲಾಖೆಯ ನೌಕರರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಯಾವ ಘಟಕದ, ಯಾವ ಊರಿನ ನೌಕರರು ತಮ್ಮತಮ್ಮಲ್ಲೇ ಸ್ಪರ್ಧಿಸಬೇಕೆಂಬ ಗಡಿಯನ್ನು ಇಲಾಖೆ ಮೊದಲು ಎಳೆಯುತ್ತದೆ. ಇದಕ್ಕೆ ‘ಕಾಂಪಿಟಿಟಿವ್ ಏರಿಯಾ’ ಎಂದು ಹೆಸರು, ನಾವು ಸ್ಪರ್ಧಾ ವಲಯ ಎನ್ನೋಣ. ರಿಫ್ ಜಾರಿಗೆ ಬರುವ ದಿನಕ್ಕಿಂತ ಕನಿಷ್ಠ 90 ದಿನ ಮೊದಲೇ ಈ ಗಡಿ ನಿಗದಿಯಾಗಿರಬೇಕು. ಆಮೇಲೆ ಬದಲಿಸಬೇಕಾದರೆ ಓಪಿಎಂನ ಒಪ್ಪಿಗೆ ಬೇಕು.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯ ಜುಟ್ಟು ಇರುವುದು ಇಲ್ಲಿ, ಜನ ಅತಿ ಕಡಿಮೆ ಗಮನ ಕೊಡುವುದೂ ಇಲ್ಲಿಗೇ. ವಲಯ ದೊಡ್ಡದಾಗಿದ್ದರೆ ಇಪ್ಪತ್ತು ವರ್ಷ ಸೇವೆ ಸಲ್ಲಿಸಿದವರಿಗೆ ಪಕ್ಕದ ವಿಭಾಗದಲ್ಲಾದರೂ ಜಾಗ ಸಿಗುವ ಸಂಭವವಿರುತ್ತದೆ. ಹನ್ನೆರಡು ಜನರ ಒಂದು ಶಾಖೆಯನ್ನೇ ವಲಯವೆಂದು ಘೋಷಿಸಿ ಆ ಶಾಖೆಯನ್ನೇ ಮುಚ್ಚಿಬಿಟ್ಟರೆ ಸ್ಪರ್ಧೆ ಎಂಬುದೇ ಇರುವುದಿಲ್ಲ. ಎಲ್ಲರೂ ಒಟ್ಟಿಗೆ ಹೊರಗೆ. ಸೇವಾ ಹಿರಿತನವೂ ಇಲ್ಲ, ಉತ್ತಮ ಮೌಲ್ಯಮಾಪನವೂ ಇಲ್ಲ. ನಿಮ್ಮ ಇಲಾಖೆಯ ಸ್ಪರ್ಧಾ ವಲಯದ ವಿವರಣೆಯನ್ನು ಮಾನವ ಸಂಪನ್ಮೂಲ ವಿಭಾಗದಿಂದ ಇಂದೇ ಕೇಳಿ ಪಡೆಯಬಹುದು, ಅದಕ್ಕೆ ನೋಟಿಸು ಬರುವವರೆಗೆ ಕಾಯಬೇಕಿಲ್ಲ.

ವಲಯದೊಳಗೆ ಮತ್ತೊಂದು ಬೇಲಿಯಿದೆ: ‘ಕಾಂಪಿಟಿಟಿವ್ ಲೆವೆಲ್’. ಒಂದೇ ದರ್ಜೆಯ, ಒಂದೇ ವೃತ್ತಿ ಸರಣಿಯ, ಕರ್ತವ್ಯ ಮತ್ತು ಅರ್ಹತೆಗಳಲ್ಲಿ ಒಂದನ್ನೊಂದು ಹೋಲುವ ಹುದ್ದೆಗಳನ್ನು ಒಂದು ಲೆವೆಲ್‌ಗೆ ಸೇರಿಸುತ್ತಾರೆ. ಪೂರ್ಣಾವಧಿ ಮತ್ತು ಅರೆಕಾಲಿಕ ಹುದ್ದೆಗಳು ಬೇರೆಬೇರೆ, ಮೇಲ್ವಿಚಾರಕ ಹುದ್ದೆಗಳೂ ಬೇರೆ. ಇದನ್ನು ನಿರ್ಧರಿಸುವುದು ನೀವು ದಿನವೂ ಮಾಡುವ ಕೆಲಸವಲ್ಲ, ಕಡತದಲ್ಲಿರುವ ಹುದ್ದೆಯ ವಿವರಣಾ ಪತ್ರ. ಹತ್ತು ವರ್ಷಗಳ ಹಿಂದಿನ ವಿವರಣೆಯ ಮೇಲೆಯೇ ಮುಂದುವರಿಯುತ್ತಿರುವವರು, ಅಕ್ಕಪಕ್ಕದ ಮೇಜಿನಲ್ಲಿ ಕುಳಿತು ಅದೇ ಕೆಲಸ ಮಾಡುವ ಸಹೋದ್ಯೋಗಿಗಿಂತ ಬೇರೆ ಲೆವೆಲ್‌ನಲ್ಲಿ ಬಿದ್ದಿರಬಹುದು. ಕೆಲವೊಮ್ಮೆ ಆ ಲೆವೆಲ್‌ನಲ್ಲಿ ಅವರೊಬ್ಬರೇ ಇರುತ್ತಾರೆ, ಹುದ್ದೆ ಹೋದರೆ ಮೊದಲ ಸುತ್ತಿನಲ್ಲಿ ಸ್ಪರ್ಧಿಸಲು ಎದುರಿಗೆ ಯಾರೂ ಇರುವುದಿಲ್ಲ.

ಎರಡನೆಯ ಹೆಜ್ಜೆ: ಪಟ್ಟಿಯಲ್ಲಿ ನಿಮ್ಮ ಸ್ಥಾನ ಎಲ್ಲಿ?

ಒಂದೊಂದು ಲೆವೆಲ್‌ಗೂ ಒಂದು ‘ರಿಟೆನ್ಷನ್ ರಿಜಿಸ್ಟರ್’ ತಯಾರಾಗುತ್ತದೆ. ನಮ್ಮೂರಿನ ಸರ್ಕಾರಿ ಕಚೇರಿಯಲ್ಲಿ ಜ್ಯೇಷ್ಠತಾ ಪಟ್ಟಿ ಎಂದರೆ ಎಲ್ಲರಿಗೂ ಗೊತ್ತು. ಇದು ಅದರ ಸೋದರನಂತೆ ಕಂಡರೂ ಕೇವಲ ಸೇರಿದ ದಿನಾಂಕದ ಮೇಲೆ ನಿಂತಿಲ್ಲ. ನಾಲ್ಕು ಅಂಶಗಳನ್ನು ಇದೇ ಕ್ರಮದಲ್ಲಿ ನೋಡುತ್ತಾರೆ: ನೇಮಕಾತಿಯ ಸ್ವರೂಪ, ಮಾಜಿ ಸೈನಿಕರ ಆದ್ಯತೆ, ಸೇವಾವಧಿ, ಕಾರ್ಯ ಮೌಲ್ಯಮಾಪನ.

ನೇಮಕಾತಿಯ ಸ್ವರೂಪದಲ್ಲಿ ಮೂರು ಗುಂಪುಗಳಿವೆ. ಪ್ರೊಬೇಷನ್ ಮುಗಿದ ‘ಕೆರಿಯರ್’ ನೌಕರರು ಗುಂಪು 1. ಸಾಮಾನ್ಯವಾಗಿ ಮೂರು ವರ್ಷದ ಸೇವೆ ಪೂರೈಸದ ‘ಕೆರಿಯರ್-ಕಂಡಿಷನಲ್’ ನೌಕರರು ಮತ್ತು ಪ್ರೊಬೇಷನ್‌ನಲ್ಲಿರುವವರು ಗುಂಪು 2. ನಿಗದಿತ ಅವಧಿಗೆ ನೇಮಕಗೊಂಡವರು ಮುಂತಾದವರು ಗುಂಪು 3. ಪ್ರತಿ ಗುಂಪಿನೊಳಗೆ ಮತ್ತೆ ಮೂರು ಉಪಗುಂಪುಗಳು: ಸೇವೆಯಲ್ಲಿದ್ದಾಗ ಉಂಟಾದ ಅಂಗವೈಕಲ್ಯ ಶೇ 30 ಅಥವಾ ಹೆಚ್ಚಿರುವ ಮಾಜಿ ಸೈನಿಕರು ‘ಎಡಿ’, ಆದ್ಯತೆಗೆ ಅರ್ಹರಾದ ಉಳಿದವರು ‘ಎ’, ಆದ್ಯತೆ ಇಲ್ಲದವರು ‘ಬಿ’. ಕೊಡಗಿನ ಓದುಗರೊಬ್ಬರು ಒಮ್ಮೆ ಕೇಳಿದ್ದುಂಟು; ಭಾರತೀಯ ಸೇನೆಯಲ್ಲಿ ಸಲ್ಲಿಸಿದ ಸೇವೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅಮೆರಿಕದ ಸೇನಾಪಡೆಗಳ ಸೇವೆ ಮಾತ್ರ. ನಮ್ಮವರಲ್ಲಿ ಬಹುಪಾಲು ಮಂದಿ ‘ಬಿ’ಯಲ್ಲೇ ಇರುವುದರಿಂದ ಅವರ ಹಣೆಬರಹ ನಿಂತಿರುವುದು ಉಳಿದ ಎರಡು ಅಂಶಗಳ ಮೇಲೆ.

ಸೇವಾವಧಿಗೆ ಮೌಲ್ಯಮಾಪನದ ಅಂಕವನ್ನು ವರ್ಷಗಳ ರೂಪದಲ್ಲಿ ಕೂಡಿಸುತ್ತಾರೆ. ನೋಟಿಸಿಗೆ ಮುಂಚಿನ ನಾಲ್ಕು ವರ್ಷಗಳೊಳಗೆ ಬಂದಿರುವ ಕೊನೆಯ ಮೂರು ವಾರ್ಷಿಕ ಶ್ರೇಣಿಗಳನ್ನು ತೆಗೆದುಕೊಳ್ಳುತ್ತಾರೆ. ಎಲ್ಲಕ್ಕಿಂತ ಮೇಲಿನದಾದ ಐದನೇ ಹಂತದ ಶ್ರೇಣಿಗೆ 20 ವರ್ಷ, ನಾಲ್ಕಕ್ಕೆ 16, ಮೂರಕ್ಕೆ 12. ಇವುಗಳ ಸರಾಸರಿಯೇ ನಿಮಗೆ ಸಿಗುವ ಹೆಚ್ಚುವರಿ ಸೇವೆ, ಭಿನ್ನರಾಶಿ ಬಂದರೆ ಮೇಲಿನ ಪೂರ್ಣಾಂಕಕ್ಕೆ ಏರಿಸುತ್ತಾರೆ. ಉದಾಹರಣೆಗೆ 5, 5, 4 ಬಂದಿದ್ದರೆ 20, 20, 16 ಸೇರಿ 56, ಮೂರರಿಂದ ಭಾಗಿಸಿದರೆ 18ಕ್ಕಿಂತ ತುಸು ಹೆಚ್ಚು, ಆದ್ದರಿಂದ 19 ವರ್ಷ.

ಒಂದು ಪಟ್ಟಿಯನ್ನು ಹತ್ತಿರದಿಂದ ನೋಡೋಣ. ಜಿಎಸ್-13 ದರ್ಜೆಯ ಐವರು ಮಾಹಿತಿ ತಂತ್ರಜ್ಞಾನ ತಜ್ಞರು ಒಂದೇ ಲೆವೆಲ್‌ನಲ್ಲಿದ್ದಾರೆ ಎಂದುಕೊಳ್ಳಿ. ‘ಅ’ 2006ರ ಜೂನ್ 1ರಂದು ಸೇರಿದವರು, ಗುಂಪು 1ರ ‘ಬಿ’, ಮೂರೂ ವರ್ಷ ಮೂರನೇ ಹಂತದ ಶ್ರೇಣಿ. ‘ಆ’ 2011ರ ಜೂನ್ 1ರಂದು ಸೇರಿದವರು, ಅವರೂ ಗುಂಪು 1ರ ‘ಬಿ’, ಆದರೆ ಮೂರೂ ವರ್ಷ ಐದನೇ ಹಂತ. ‘ಇ’ 2015ರಲ್ಲಿ ಸೇರಿದ ಮಾಜಿ ಸೈನಿಕರು, ಗುಂಪು 1ರ ‘ಎ’. ‘ಈ’ ಎರಡು ವರ್ಷದ ಹಿಂದೆ ಸೇರಿದವರು, ಗುಂಪು 2ರ ‘ಬಿ’, ಶ್ರೇಣಿ ಐದು. ‘ಉ’ ಅವರೂ ಹೊಸಬರೇ, ಗುಂಪು 2, ಆದರೆ ಉಪಗುಂಪು ‘ಎಡಿ’. ಈಗ ‘ಅ’ ಅವರ ದಿನಾಂಕ 12 ವರ್ಷ ಹಿಂದಕ್ಕೆ ಸರಿದು 1994 ಆಗುತ್ತದೆ, ‘ಆ’ ಅವರದು 20 ವರ್ಷ ಸರಿದು 1991 ಆಗುತ್ತದೆ. ಐದು ವರ್ಷ ತಡವಾಗಿ ಬಂದವರು ಹಿರಿಯರನ್ನು ದಾಟಿ ಮೇಲೆ ನಿಂತರು. ಪಟ್ಟಿಯ ಕ್ರಮ ಮೇಲಿನಿಂದ ಕೆಳಕ್ಕೆ ಇ, ಆ, ಅ, ಉ, ಈ. ಎರಡು ಹುದ್ದೆ ಹೋದರೆ ಈ ಮತ್ತು ಉ ಹೊರಡಬೇಕು. ಗುಂಪೇ ಮೊದಲ ಅಂಶವಾದ್ದರಿಂದ ‘ಉ’ ಅವರ ಮಾಜಿ ಸೈನಿಕ ಆದ್ಯತೆಯೂ ಗುಂಪು 1ರವರ ಮುಂದೆ ನಡೆಯುವುದಿಲ್ಲ. ಮೂರನೆಯ ಹುದ್ದೆಯೂ ಹೋದರೆ ಸರದಿ, ಸುಮಾರು ಎರಡು ದಶಕ ದುಡಿದ ‘ಅ’ ಅವರದು. ‘ಪರವಾಗಿಲ್ಲ’ ಎಂಬ ಮೂರನೇ ಹಂತದ ಶ್ರೇಣಿಯನ್ನು ವರ್ಷವರ್ಷವೂ ಸುಮ್ಮನೆ ಸಹಿ ಹಾಕಿ ಒಪ್ಪಿಕೊಳ್ಳುವ ನಮ್ಮವರ ಸಂಕೋಚಕ್ಕೆ ಬೆಲೆ ಎಷ್ಟೆಂಬುದು ಇಲ್ಲಿ ಕಾಣುತ್ತದೆ.

ಮೂರನೆಯ ಹೆಜ್ಜೆ: ಕಾಗದಗಳನ್ನು ಇವತ್ತೇ ತೆಗೆದು ನೋಡಿ

ಪಟ್ಟಿ ತಯಾರಾಗುವುದು ದಾಖಲೆಯಲ್ಲಿ ಇರುವುದರಿಂದಲೇ ಹೊರತು ನಿಮಗೆ ಗೊತ್ತಿರುವುದರಿಂದ ಅಲ್ಲ. ವಿದ್ಯುನ್ಮಾನ ಸಿಬ್ಬಂದಿ ಕಡತವನ್ನು ತೆರೆದು, ಇತ್ತೀಚಿನ ಎಸ್‌ಎಫ್-50 ನಮೂನೆಯನ್ನು (ನೇಮಕಾತಿ, ಬಡ್ತಿ ಮುಂತಾದ ಬದಲಾವಣೆಗಳನ್ನು ದಾಖಲಿಸುವ ಕಾಗದ) ಮುಂದಿಟ್ಟುಕೊಳ್ಳಿ. ಚೌಕ 24ರಲ್ಲಿ ನಿಮ್ಮ ನೇಮಕಾತಿ ಗುಂಪು, ಚೌಕ 26ರಲ್ಲಿ ರಿಫ್‌ಗೆ ಮಾಜಿ ಸೈನಿಕ ಆದ್ಯತೆ ಇದೆಯೇ ಇಲ್ಲವೇ ಎಂಬುದು, ಚೌಕ 34ರಲ್ಲಿ ನೀವಿರುವುದು ಕಾಂಪಿಟಿಟಿವ್ ಸೇವೆಯೋ (ಸಾಮಾನ್ಯ ಸ್ಪರ್ಧಾತ್ಮಕ ನೇಮಕಾತಿ ನಿಯಮಗಳಿಗೆ ಒಳಪಟ್ಟದ್ದು) ಎಕ್ಸೆಪ್ಟೆಡ್ ಸೇವೆಯೋ (ಆ ನಿಯಮಗಳಿಂದ ಹೊರತಾದದ್ದು) ಎಂಬುದು ಇರುತ್ತದೆ. ಚೌಕ 31ರಲ್ಲಿ ಸೇವಾ ದಿನಾಂಕವೊಂದಿದೆ. ಅದು ರಜೆಯ ಲೆಕ್ಕಕ್ಕೆ ಮಾತ್ರ. ರಿಫ್‌ನ ದಿನಾಂಕ ಅದಕ್ಕಿಂತ ಬೇರೆಯಾಗಿರಬಹುದು, ಹಾಗಾಗಿ ‘ರಿಫ್‌ಗಾಗಿ ನನ್ನ ಸೇವಾ ದಿನಾಂಕ ಯಾವುದು’ ಎಂದು ಬರವಣಿಗೆಯಲ್ಲಿ ಕೇಳಿ.

ಈ ದಿನಾಂಕದಲ್ಲಿ ನಮ್ಮವರು ಎರಡು ಕಡೆ ಎಡವುತ್ತಾರೆ. ಗುತ್ತಿಗೆ ಕಂಪನಿಯ ಮೂಲಕ ಅದೇ ಕಚೇರಿಯಲ್ಲಿ ಕಳೆದ ವರ್ಷಗಳು ಸೇವೆಯಲ್ಲ. ಸಂಶೋಧನಾ ಸಂಸ್ಥೆಗಳಲ್ಲಿ ಪೋಸ್ಟ್‌ಡಾಕ್ ಫೆಲೋಷಿಪ್ ಹಣ ಪಡೆದು ದುಡಿದ ವರ್ಷಗಳೂ ಸಾಮಾನ್ಯವಾಗಿ ಫೆಡರಲ್ ನೌಕರಿ ಎನಿಸುವುದಿಲ್ಲ. ಅದು ಸಂಬಳವಲ್ಲ, ಸ್ಟೈಪೆಂಡ್. ರಾಕ್‌ವಿಲ್‌ನ ಗೆಳೆಯರೊಬ್ಬರ ಜೊತೆ ಅಡುಗೆಮನೆಯ ಮೇಜಿನ ಮೇಲೆ ಎಸ್‌ಎಫ್-50ಗಳನ್ನು ವರ್ಷವಾರು ಹರಡಿಕೊಂಡು ಕುಳಿತಾಗ, ತಾವು ಹದಿನೇಳು ವರ್ಷದ ನೌಕರರೆಂದು ನಂಬಿದ್ದವರು ಕಾಗದದ ಪ್ರಕಾರ ಹನ್ನೆರಡು ವರ್ಷದವರೆಂದು ಗೊತ್ತಾಯಿತು. ಕಾಫಿ ಆರಿಹೋಯಿತು, ಲೋಟ ಹಾಗೇ ಇತ್ತು. ಇದಕ್ಕೆ ತದ್ವಿರುದ್ಧವಾಗಿ, ಎಂದೋ ಒಂದು ಬೇಸಿಗೆಯಲ್ಲಿ ಇನ್ನೊಂದು ಫೆಡರಲ್ ಇಲಾಖೆಯಲ್ಲಿ ತಾತ್ಕಾಲಿಕ ನೇಮಕಾತಿಯಲ್ಲಿ ಮಾಡಿದ ಕೆಲಸ, ನಡುವೆ ಬಿಡುವು ಬಿದ್ದಿದ್ದರೂ, ಲೆಕ್ಕಕ್ಕೆ ಬರಬಹುದು. ಅದರ ಕಾಗದ ಕಡತದಲ್ಲಿಲ್ಲದಿದ್ದರೆ ಹುಡುಕಿಸಿ ಸೇರಿಸಿ.

ಮೌಲ್ಯಮಾಪನದ ವಿಷಯದಲ್ಲೂ ಅಷ್ಟೇ. ಮೇಲಧಿಕಾರಿಯ ಮೇಜಿನ ಮೇಲೆ ಸಹಿಯಾಗದೆ ಬಿದ್ದಿರುವ ಶ್ರೇಣಿ ಶ್ರೇಣಿಯೇ ಅಲ್ಲ. ಇಲಾಖೆ ನಿಗದಿಪಡಿಸಿದ ಕೊನೆಯ ದಿನಾಂಕದೊಳಗೆ ಅದು ಅಂತಿಮವಾಗಿ ದಾಖಲಾಗಿರಬೇಕು. ಕಡತದಲ್ಲಿರುವ ಸ್ವವಿವರವನ್ನೂ ಹೊಸದು ಮಾಡಿ. ಅದು ಏಕೆ ಬೇಕೆಂಬುದು ಮುಂದಿನ ಹೆಜ್ಜೆಯಲ್ಲಿದೆ. ಎಲ್ಲ ಕಾಗದಗಳ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ; ನೋಟಿಸಿನ ಜೊತೆಗೇ ಕಚೇರಿಯ ಲಾಗಿನ್ ಕೂಡ ಬಂದ್ ಆದವರಿದ್ದಾರೆ.

ನಾಲ್ಕನೆಯ ಹೆಜ್ಜೆ: ಎರಡನೇ ಸುತ್ತಿನಲ್ಲಿ ಜಾಗವಿದೆಯೇ?

ತಮ್ಮ ಲೆವೆಲ್‌ನಿಂದ ಹೊರಬಿದ್ದವರೆಲ್ಲ ಮನೆಗೆ ಹೋಗಬೇಕೆಂದಿಲ್ಲ. ಕಾಂಪಿಟಿಟಿವ್ ಸೇವೆಯ ಗುಂಪು 1 ಮತ್ತು 2ರವರಿಗೆ ಅದೇ ಸ್ಪರ್ಧಾ ವಲಯದೊಳಗೆ ಎರಡು ದಾರಿಗಳಿವೆ. ತಮಗಿಂತ ಕೆಳಗಿನ ಗುಂಪಿನ ಅಥವಾ ಉಪಗುಂಪಿನ ಒಬ್ಬರ ಹುದ್ದೆಯನ್ನು, ಅದಕ್ಕೆ ಅರ್ಹತೆಯಿದ್ದರೆ, ಪಡೆಯುವುದು ‘ಬಂಪ್’. ತಮ್ಮದೇ ಉಪಗುಂಪಿನಲ್ಲಿ ತಮಗಿಂತ ಕಡಿಮೆ ಸೇವೆಯವರು ಕುಳಿತಿರುವ, ತಾವು ಹಿಂದೆ ಕಾಯಂ ಆಗಿ ಮಾಡಿದ್ದ ಹುದ್ದೆಗೋ ಅದಕ್ಕೆ ಸರಿಸುಮಾರು ಸಮಾನವಾದ ಹುದ್ದೆಗೋ ಮರಳುವುದು ‘ರಿಟ್ರೀಟ್’. ಎರಡರಲ್ಲೂ ಮೂರು ದರ್ಜೆಗಳಷ್ಟು ಕೆಳಗಿನವರೆಗೆ ಹೋಗಬಹುದು. ‘ಎಡಿ’ಯವರಿಗೆ ರಿಟ್ರೀಟ್‌ನಲ್ಲಿ ಐದರವರೆಗೆ ಅವಕಾಶವಿದೆ. ಅರ್ಹತೆ ಇದೆಯೇ ಎಂದು ಇಲಾಖೆ ನೋಡುವುದು ಕಡತದ ಸ್ವವಿವರದಲ್ಲಿ. ಹಳೆಯ ಸ್ವವಿವರದಲ್ಲಿ ಹೊಸ ಪರಿಣತಿ ಇಲ್ಲದಿದ್ದರೆ ಜಾಗ ತಪ್ಪಿತು. ಎಕ್ಸೆಪ್ಟೆಡ್ ಸೇವೆಯವರಿಗೆ, ಇಲಾಖೆ ತಾನಾಗಿ ಕೊಟ್ಟ ಹೊರತು, ಈ ಹಕ್ಕುಗಳಿಲ್ಲ.

ಕೊಡುವ ಹುದ್ದೆ ಒಂದೇ. ‘ಅದು ಬೇಡ, ಇದು ಕೊಡಿ’ ಎನ್ನುವಂತಿಲ್ಲ. ದರ್ಜೆ ಇಳಿದರೂ, ಹಳೆಯ ದರ್ಜೆಯಲ್ಲಿ 52 ವಾರ ಸತತವಾಗಿ ಇದ್ದವರಿಗೆ ಎರಡು ವರ್ಷ ಆ ದರ್ಜೆಯೇ ಉಳಿಯುತ್ತದೆ. ನೀವು ಬಂಪ್ ಮಾಡಿದವರು ಮತ್ತೊಬ್ಬರನ್ನು ಬಂಪ್ ಮಾಡುತ್ತಾರೆ, ಅವರು ಇನ್ನೊಬ್ಬರನ್ನು. ಹತ್ತು ಹುದ್ದೆ ಹೋದರೆ ಮೂವತ್ತು ಜನರ ಕುರ್ಚಿ ಅಲುಗುವುದು ಹೀಗೆ.

ಐದನೆಯ ಹೆಜ್ಜೆ: ನೋಟಿಸು ಬಂದ ದಿನ

ನಿಯಮದ ಪ್ರಕಾರ ಕನಿಷ್ಠ 60 ದಿನಗಳ ಲಿಖಿತ ನೋಟಿಸು ಕೊಡಬೇಕು. ಮುಂಗಾಣಲಾಗದ ಸಂದರ್ಭದಲ್ಲಿ ಓಪಿಎಂನ ಒಪ್ಪಿಗೆಯಿಂದ ಅದನ್ನು 30ಕ್ಕೆ ಇಳಿಸಬಹುದು. ನಿಮ್ಮ ಸ್ಪರ್ಧಾ ವಲಯ, ಲೆವೆಲ್, ಉಪಗುಂಪು, ಸೇವಾ ದಿನಾಂಕ, ಕೊನೆಯ ಮೂರು ಶ್ರೇಣಿಗಳು, ಜಾರಿಯ ದಿನಾಂಕ, ಮೇಲ್ಮನವಿಯ ಹಕ್ಕು ಇವೆಲ್ಲ ನೋಟಿಸಿನಲ್ಲಿ ಇರಬೇಕು. ಒಂದು ಪೆನ್ಸಿಲ್ ಹಿಡಿದು, ಒಂದೊಂದನ್ನೂ ಮನೆಯಲ್ಲಿರುವ ಪ್ರತಿಗಳೊಂದಿಗೆ ತಾಳೆ ನೋಡಿ. ತಪ್ಪು ಕಂಡರೆ ಅಂದೇ ಮಿಂಚಂಚೆಯಲ್ಲಿ ತಿಳಿಸಿ, ಅದರ ಪ್ರತಿಯನ್ನು ಸ್ವಂತ ಖಾತೆಗೂ ಹಾಕಿಕೊಳ್ಳಿ. ನಿಮ್ಮ ಲೆವೆಲ್‌ನ ಪಟ್ಟಿಯನ್ನು ನೋಡುವ ಹಕ್ಕು ನಿಮಗಿದೆ, ಕೇಳಲು ಹಿಂಜರಿಯಬೇಡಿ.

ಮೇಲ್ಮನವಿ ಬಹುಕಾಲದಿಂದ ಹೋಗುತ್ತಿರುವುದು ಫೆಡರಲ್ ನೌಕರರ ಮೇಲ್ಮನವಿಗಳನ್ನು ವಿಚಾರಿಸುವ ಮೆರಿಟ್ ಸಿಸ್ಟಮ್ಸ್ ಪ್ರೊಟೆಕ್ಷನ್ ಬೋರ್ಡಿಗೆ, ಅದೂ ರಿಫ್ ಜಾರಿಯಾದ ದಿನದಿಂದ 30 ದಿನಗಳೊಳಗೆ. ನೋಟಿಸು ಬಂದ ದಿನದಿಂದಲ್ಲ. ಅವಸರಪಟ್ಟು ಮೊದಲೇ ಹಾಕಿದ ಮನವಿ ‘ಇನ್ನೂ ಕಾಲ ಬಂದಿಲ್ಲ’ ಎಂದು ವಜಾ ಆಗುತ್ತದೆ. ನೌಕರರ ಸಂಘದ ಒಪ್ಪಂದಕ್ಕೆ ಒಳಪಟ್ಟವರಿಗೆ ಬೇರೆ ದಾರಿ ಇರಬಹುದು. ನಿಮ್ಮ ನೋಟಿಸಿನಲ್ಲಿ ಯಾವ ವೇದಿಕೆ, ಎಷ್ಟು ದಿನ ಎಂದು ಬರೆದಿದೆಯೋ ಅದನ್ನೇ ಹಿಡಿಯಿರಿ. ಲೆಕ್ಕದಲ್ಲಾದ ತಪ್ಪನ್ನು ಮುಂದಿಟ್ಟ ಮನವಿಗೆ ತೂಕ ಹೆಚ್ಚು. ಅನ್ಯಾಯವಾಯಿತೆಂಬ ಅಳಲಿಗೆ ಅಲ್ಲಿ ಜಾಗ ಕಡಿಮೆ.

ಆರನೆಯ ಹೆಜ್ಜೆ: ಹಣ, ಮತ್ತು ಮರಳುವ ದಾರಿ

50 ವರ್ಷ ವಯಸ್ಸು ಮತ್ತು 20 ವರ್ಷ ಸೇವೆ, ಅಥವಾ ಯಾವುದೇ ವಯಸ್ಸಿನಲ್ಲಿ 25 ವರ್ಷ ಸೇವೆ ಆಗಿದ್ದರೆ ತಕ್ಷಣವೇ ಪಿಂಚಣಿಯೊಂದಿಗೆ ನಿವೃತ್ತಿಯಾಗುವ ಅವಕಾಶ ಸಿಗುತ್ತದೆ. ತಕ್ಷಣದ ಪಿಂಚಣಿಗೆ ಅರ್ಹರಾದವರಿಗೆ ಸೆವರೆನ್ಸ್, ಅಂದರೆ ಕೆಲಸ ಕಳೆದುಕೊಂಡವರಿಗೆ ಕೊಡುವ ಪರಿಹಾರ ಹಣ, ಇಲ್ಲ. ಉಳಿದವರಿಗೆ, ಒಂದು ವರ್ಷದ ಸತತ ಸೇವೆಯಿದ್ದು ಇಲಾಖೆ ಕೊಟ್ಟ ಸಮಂಜಸ ಹುದ್ದೆಯನ್ನು ನಿರಾಕರಿಸದಿದ್ದರೆ, ಮೊದಲ ಹತ್ತು ವರ್ಷಕ್ಕೆ ವರ್ಷಕ್ಕೊಂದು ವಾರದ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ ಎರಡು ವಾರದ್ದು. 40 ದಾಟಿದ ಮೇಲಿನ ಪ್ರತಿ ಪೂರ್ಣ ಮೂರು ತಿಂಗಳಿಗೆ ಶೇ 2.5 ಹೆಚ್ಚು. ಒಟ್ಟು ಮಿತಿ 52 ವಾರ, ಅದೂ ಜೀವಮಾನಕ್ಕೆ. ಹದಿನಾಲ್ಕು ವರ್ಷ ಸೇವೆಯ, 46 ತುಂಬಿದ ಒಬ್ಬರನ್ನು ತೆಗೆದುಕೊಂಡರೆ 10 ಮತ್ತು 8 ಸೇರಿ 18 ವಾರ, ಅದರ ಮೇಲೆ ವಯಸ್ಸಿನ ಶೇ 60, ಒಟ್ಟು 28.8 ವಾರ. ವಾರಕ್ಕೆ 2,000 ಡಾಲರ್ ವೇತನವಿದ್ದರೆ 57,600 ಡಾಲರ್. ಇದು ಒಂದೇ ಗಂಟಾಗಿ ಬರುವುದಿಲ್ಲ, ಸಂಬಳದಂತೆ ಕಂತುಕಂತಾಗಿ ಬರುತ್ತದೆ. ಉಳಿದ ಗಳಿಕೆ ರಜೆಯ ಹಣ ಮಾತ್ರ ಒಟ್ಟಿಗೆ ಕೈಸೇರುತ್ತದೆ. ಆರೋಗ್ಯ ವಿಮೆ 31 ದಿನ ಉಚಿತವಾಗಿ ಮುಂದುವರಿದು, ನಂತರ ಪೂರ್ತಿ ಕಂತನ್ನೂ ಅದರ ಮೇಲೆ ಶೇ 2ನ್ನೂ ನೀವೇ ಕಟ್ಟಿದರೆ 18 ತಿಂಗಳವರೆಗೆ ಇಟ್ಟುಕೊಳ್ಳಬಹುದು.

ಮರಳಿ ಸೇರುವ ಆದ್ಯತಾ ಪಟ್ಟಿಗೆ ಹೆಸರು ತಾನಾಗಿ ಹೋಗುವುದಿಲ್ಲ. ಕೆಲಸ ಮುಗಿದ 30 ದಿನಗಳೊಳಗೆ ಅರ್ಜಿ ಕೊಡಬೇಕು. ಗುಂಪು 1ರವರ ಹೆಸರು ಅಲ್ಲಿ ಎರಡು ವರ್ಷ, ಗುಂಪು 2ರವರದು ಒಂದು ವರ್ಷ ಇರುತ್ತದೆ. ಬೇರೆ ಇಲಾಖೆಗಳ ಹುದ್ದೆಗೆ ಅರ್ಜಿ ಹಾಕುವಾಗಲೂ ಒಂದು ವರ್ಷದವರೆಗೆ ಅದೇ ಪ್ರದೇಶದಲ್ಲಿ ಹೊರಗಿನ ಅಭ್ಯರ್ಥಿಗಳಿಗಿಂತ ನಿಮಗೆ ಆದ್ಯತೆಯಿದೆ, ಆದರೆ ಪ್ರತಿಯೊಂದು ಅರ್ಜಿಯ ಜೊತೆಯಲ್ಲೂ ರಿಫ್ ನೋಟಿಸಿನ ಪ್ರತಿಯೋ ಕೆಲಸದಿಂದ ಬಿಡುಗಡೆಯಾದ ಎಸ್‌ಎಫ್-50ರ ಪ್ರತಿಯೋ ಲಗತ್ತಾಗಿರಬೇಕು.